ಬೆರಾತ್ ಕೋಟೆ ಯಾರದು? ಮುಜಾಕಾ ಮನೆತನ ಬರೆದಿಟ್ಟ ಹಕ್ಕಿನ ಲೆಕ್ಕ

ಎಲ್ಲರಿಗೂ ನಮಸ್ಕಾರ.

ಅಲ್ಬೇನಿಯಾದ ಮಧ್ಯಯುಗ ಅಂದ ಕೂಡಲೇ ಸ್ವಲ್ಪ ಓದಿಕೊಂಡವರ ಬಾಯಿಗೆ ಬರುವುದು ಆಟೊಮನ್ ತುರ್ಕರ ಎದುರು ಹೋರಾಡಿದ ನಾಯಕ ಸ್ಕಾಂಡರ್‌ಬೆಗ್ ಹೆಸರು, ಅದರ ಬೆನ್ನಿಗೇ ಅವನ ಕ್ರೂಯಾ ಕೋಟೆ. ಇವತ್ತು ನಾನು ಕ್ರೂಯಾವನ್ನು ಬಿಟ್ಟು ಅದರ ದಕ್ಷಿಣಕ್ಕಿರುವ ಬೆರಾತ್ ಬಗ್ಗೆ ಮಾತಾಡಬೇಕೆಂದಿದ್ದೇನೆ. ಸ್ಕಾಂಡರ್‌ಬೆಗ್ ಮುತ್ತಿಗೆ ಹಾಕಿ ಸೋತ ಕೋಟೆ ಇದು. ಅವನ ಮೇಲೆ ಮನಸ್ಸಿನಲ್ಲಿ ಮುನಿಸಿಟ್ಟುಕೊಂಡಿದ್ದ ಒಂದು ಮನೆತನ ತನ್ನದೆಂದು ಹೇಳಿಕೊಳ್ಳುತ್ತಿದ್ದ ಕೋಟೆಯೂ ಹೌದು. ಆ ಮನೆತನವೇ ಮುಜಾಕಾ.

1510ರಲ್ಲಿ ಗ್ಯೋನ್ ಮುಜಾಕಾ ಎಂಬ ಹಿರಿಯ, ದೇಶಬಿಟ್ಟು ಬಂದು ಇಟಲಿಯ ನೇಪಲ್ಸ್ ಸೀಮೆಯಲ್ಲಿ ನೆಲೆಸಿದ್ದವನು, ತನ್ನ ಮೂವರು ಮಕ್ಕಳಿಗಾಗಿ ಒಂದು ಬರಹ ಬರೆದಿಟ್ಟ. ಮಕ್ಕಳ ಹೆಸರು ಥಿಯೊಡೋರ್, ಏಡ್ರಿಯನ್, ಕಾನ್‌ಸ್ಟಂಟೈನ್. ನಮ್ಮ ಹಿರಿಯರು ಯಾರು, ಯಾವ ಸೀಮೆ ನಮ್ಮದಾಗಿತ್ತು, ಯಾವ ಹೊಳೆಯಿಂದ ಯಾವ ಗುಡ್ಡದವರೆಗೆ, ಯಾವ ಮನೆಗೆ ಹೆಣ್ಣು ಕೊಟ್ಟೆವು, ಯಾವ ಮನೆಯಿಂದ ತಂದೆವು, ಯಾರು ನಮಗೆ ಮೋಸ ಮಾಡಿದರು, ಇವೆಲ್ಲವನ್ನೂ ಒಂದೊಂದಾಗಿ ಬರೆಯುತ್ತಾ ಹೋದ. ಅವನ ಉದ್ದೇಶ ಸ್ಪಷ್ಟವಾಗಿತ್ತು. ಎಂದಾದರೊಂದು ದಿನ ಕ್ರೈಸ್ತ ದೊರೆಗಳು ಆ ನೆಲವನ್ನು ತುರ್ಕರಿಂದ ಬಿಡಿಸಿಕೊಂಡರೆ, ತನ್ನ ಮಕ್ಕಳು ಹೋಗಿ 'ಇದು ನಮ್ಮದು' ಎಂದು ಬೆರಳಿಟ್ಟು ತೋರಿಸುವಂತಿರಬೇಕು. ಮೆಕೆಂಜಿ ಸಂಗ್ರಹದ ಕೈಫಿಯತ್ತುಗಳನ್ನು ಓದಿದವರಿಗೆ ಈ ಧಾಟಿ ಹೊಸದಲ್ಲ. ಸೀಮೆ ಕಳೆದುಕೊಂಡ ಪಾಳೆಯಗಾರರ ವಂಶದವರು ಹೊಸ ಸರ್ಕಾರದ ಮುಂದೆ ತಮ್ಮ ಹಳೆಯ ಸಂಗತಿಗಳನ್ನು ಹೇಗೆ ಬರೆಸಿದರೋ, ಹೆಚ್ಚುಕಡಿಮೆ ಅದೇ ಬಗೆ.

ಈ ಬರಹವನ್ನು 1873ರಲ್ಲಿ ಜರ್ಮನ್ ಇತಿಹಾಸಕಾರ ಕಾರ್ಲ್ ಹೋಫ್ ಅಚ್ಚು ಹಾಕಿಸಿದ. ಅಂದಿನಿಂದ ವಿದ್ವಾಂಸರು ಅದನ್ನು ಹಿಡಿದು ಜಗ್ಗಾಡುತ್ತಲೇ ಇದ್ದಾರೆ, ಏಕೆಂದರೆ ಅದರಲ್ಲಿ ಜಂಬವೂ ಇದೆ, ನೆನಪಿನ ತಪ್ಪುಗಳೂ ಇವೆ. ಆದರೂ ನನ್ನ ಮಟ್ಟಿಗೆ ಅಲ್ಬೇನಿಯಾದ ಮಧ್ಯಯುಗದಿಂದ ಬಂದ ಬರಹಗಳಲ್ಲಿ ಇಷ್ಟು ಆಪ್ತವಾದದ್ದು ಮತ್ತೊಂದಿಲ್ಲ. ಅದನ್ನು ಕೈಯಲ್ಲಿ ಹಿಡಿದು ಬೆರಾತನ್ನು ನೋಡಿದರೆ ಒಂದು ಮಾತು ಎದ್ದು ಕಾಣುತ್ತದೆ. ಕೋಟೆಯನ್ನು ಹಿಡಿಯುವುದಕ್ಕೆ ದಂಡು ಬೇಕಾಗಿತ್ತು. ಅದನ್ನು ತನ್ನದು ಎನ್ನುವುದಕ್ಕೆ ಮದುವೆ, ಬಿರುದು, ನೆಂಟಸ್ತಿಕೆ ಬೇಕಾಗಿತ್ತು. ಎರಡೂ ಒಬ್ಬನ ಕೈಯಲ್ಲಿ ಸೇರಿದ್ದು ಬಹಳ ಅಪರೂಪ.

ಮೊದಲು ಜಾಗದ ಪರಿಚಯ ಮಾಡಿಕೊಳ್ಳೋಣ. ಓಸುಮ್ ನದಿ ಬೆಟ್ಟಗಳ ಸಂದಿಯಿಂದ ಬಯಲಿಗೆ ಇಳಿಯುವ ಕಡೆ, ಬಲದಂಡೆಯಲ್ಲಿ ಒಂದು ಕಡಿದಾದ ಬಂಡೆಗುಡ್ಡ ಇದೆ. ಕೋಟೆ ಇರುವುದು ಅದರ ನೆತ್ತಿಯ ಮೇಲೆ. ಪೂರ್ವಕ್ಕೆ ತೊಮೊರ್ ಪರ್ವತ, 2,400 ಮೀಟರಿಗೂ ಎತ್ತರ, ವರ್ಷದ ಬಹುಭಾಗ ಹಿಮ ಹೊದ್ದಿರುತ್ತದೆ. ಪಶ್ಚಿಮಕ್ಕೆ ಸಮುದ್ರದವರೆಗೆ ಹಬ್ಬಿದ ತಗ್ಗು ಬಯಲು. ಈ ಬಯಲಿಗೆ ಮೂಜೆಕೆ ಎಂದು ಹೆಸರು, ಮುಜಾಕಾ ಮನೆತನದಿಂದಲೇ ಬಂದದ್ದು. ಕೋಟೆಯ ಬುಡದಲ್ಲಿ ಮಂಗಲೆಮ್ ಕೇರಿ, ಹೊಳೆಯ ಆಚೆ ಗೊರಿತ್ಸಾ ಕೇರಿ. ಒಂದರ ಮೇಲೊಂದು ಕೂತಂತೆ ಸಾಲುಸಾಲಾಗಿ ಏರುವ, ಮೈತುಂಬ ಕಿಟಕಿಗಳ ಬಿಳಿ ಮನೆಗಳ ಚಿತ್ರವನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಆ ಮನೆಗಳು ಆಟೊಮನ್ ತುರ್ಕರ ಕಾಲದವು. ನಮ್ಮ ವಿಷಯ ಅದಕ್ಕಿಂತ ಹಿಂದಿನದು.

ಗೋಡೆಯನ್ನು ಹತ್ತಿರದಿಂದ ನೋಡಿದರೆ ಕಾಲ ಪದರಪದರವಾಗಿ ಕಾಣುತ್ತದೆ. ಕೆಳಗಿನ ವರಸೆಗಳಲ್ಲಿ ಗಾರೆ ಇಲ್ಲದೆ ಕೂರಿಸಿದ ದೊಡ್ಡ ಚಪ್ಪಡಿಗಲ್ಲುಗಳು, ಕ್ರಿಸ್ತಪೂರ್ವದ ಕಾಲದವು. ಆಗ ಈ ಊರಿಗೆ ಆಂಟಿಪಾಟ್ರಿಯಾ ಎಂಬ ಹೆಸರಿತ್ತು. ಕ್ರಿ.ಪೂ. 200ರಲ್ಲಿ ರೋಮನ್ ಅಧಿಕಾರಿ ಲೂಸಿಯಸ್ ಅಪುಸ್ಟಿಯಸ್ ಇದನ್ನು ಹಿಡಿದು, ಆಯುಧ ಹಿಡಿಯುವ ವಯಸ್ಸಿನ ಗಂಡಸರನ್ನೆಲ್ಲ ಕೊಲ್ಲಿಸಿ, ಗೋಡೆ ಕೆಡವಿ, ಊರಿಗೆ ಬೆಂಕಿ ಇಡಿಸಿದ. ಆ ಕಲ್ಲುಗಳ ಮೇಲೆ ಬೈಜಾಂಟಿಯಂ, ಅಂದರೆ ಕಾನ್‌ಸ್ಟಾಂಟಿನೋಪಲ್ ರಾಜಧಾನಿಯಾಗಿದ್ದ ಗ್ರೀಕ್ ಸಾಮ್ರಾಜ್ಯದ ಕಾಲದ ಸಣ್ಣ ಕಲ್ಲು, ಗಾರೆ, ನಡುನಡುವೆ ಇಟ್ಟಿಗೆ. ಮುಖ್ಯ ಬಾಗಿಲಿನ ಪಕ್ಕದ ಗೋಡೆಯಲ್ಲಿ ಕೆಂಪು ಇಟ್ಟಿಗೆಯಿಂದಲೇ ಒಂದು ಶಿಲುಬೆ, ಅದರ ಜೊತೆಗೆ ಹೆಣೆದ ಅಕ್ಷರಗಳು ಇವೆ. ಅವನ್ನು ಬಿಡಿಸಿ ಓದಿದರೆ ಮೈಕೇಲ್ ಎಂಬ ಅರಸನ ಹೆಸರು. 1204ರಲ್ಲಿ ನಾಲ್ಕನೆಯ ಕ್ರುಸೇಡಿನವರು ಕಾನ್‌ಸ್ಟಾಂಟಿನೋಪಲ್ ಲೂಟಿ ಮಾಡಿದ ಮೇಲೆ, ಸಾಮ್ರಾಜ್ಯದ ಚೂರುಗಳಲ್ಲಿ ಒಂದನ್ನು ಹಿಡಿದು ಎಪೈರಸ್ ಎಂಬ ರಾಜ್ಯ ಕಟ್ಟಿದ ಕೊಮ್ನೆನಸ್ ದೂಕಾಸ್ ವಂಶದವನು ಅವನು. ಶಾಸನ ಕೆತ್ತಿಸುವುದನ್ನು ನಾವು ಕಂಡಿದ್ದೇವೆ. ಇಲ್ಲಿ ದೊರೆಯ ಹೆಸರು ಗೋಡೆಯ ಒಳಮೈಯಾಗಿಯೇ ನಿಂತಿದೆ. ಗೋಡೆ ಕೆಡವದೆ ಹೆಸರು ಅಳಿಸುವಂತಿಲ್ಲ. ಮುಂದೆ ಬಂದ ಒಡೆಯರು ಯಾರೂ ಅದನ್ನು ಅಳಿಸಲೂ ಇಲ್ಲ.

ಎಪೈರಸ್‌ನವರ ಕೈಯಲ್ಲಿ ಕೋಟೆ ಬಹುಕಾಲ ಉಳಿಯಲಿಲ್ಲ. 1259ರ ಪೆಲಗೋನಿಯಾ ಯುದ್ಧದ ಹೊತ್ತಿಗೆ ಅದು ಅದೇ ಸಾಮ್ರಾಜ್ಯದ ಇನ್ನೊಂದು ಚೂರಾದ ನೈಸಿಯಾದ ಗ್ರೀಕರ ಪಾಲಾಗುತ್ತಿತ್ತು. 1261ರಲ್ಲಿ ಅವರೇ ಕಾನ್‌ಸ್ಟಾಂಟಿನೋಪಲ್ಲನ್ನೂ ಮರಳಿ ಪಡೆದರು. 1272ರ ಫೆಬ್ರವರಿಯಲ್ಲಿ ಆಂಜೂವಿನ ಚಾರ್ಲ್ಸ್, ಅಂದರೆ ಸಿಸಿಲಿ ಮತ್ತು ನೇಪಲ್ಸ್‌ನ ಫ್ರೆಂಚ್ ದೊರೆ, ತನ್ನನ್ನು ಅಲ್ಬೇನಿಯಾದ ರಾಜನೆಂದು ಸಾರಿಕೊಂಡ. ಬೆರಾತ್ ಅವನ ಕೈಗೆ ಬಂದು, 1274ರಲ್ಲಿ ಮತ್ತೆ ಜಾರಿತು. ಅಲ್ಲಿಂದ ಮುಂದಿನ ಏಳು ವರ್ಷ ಈ ಬಂಡೆಗುಡ್ಡ ಇಡೀ ಯುರೋಪಿನ ರಾಜಕೀಯದ ಗಂಟಲಿಗೆ ಸಿಕ್ಕಿಕೊಂಡಿತ್ತು ಅಂದರೆ ಉತ್ಪ್ರೇಕ್ಷೆಯಲ್ಲ.

ಏಕೆ ಅಂತ ಕೇಳಿ. ಚಾರ್ಲ್ಸ್‌ನ ಕನಸು ಕಾನ್‌ಸ್ಟಾಂಟಿನೋಪಲ್. ಏಡ್ರಿಯಾಟಿಕ್ ದಂಡೆಯಿಂದ ಆ ನಗರಕ್ಕೆ ರೋಮನ್ನರ ಕಾಲದ ಹೆದ್ದಾರಿ ಇತ್ತು. ಬೆರಾತ್ ಶತ್ರುವಿನ ಕೈಯಲ್ಲಿರುವವರೆಗೂ ದಂಡೆಯಲ್ಲಿ ಇಳಿದ ದಂಡು ಬೆಟ್ಟ ದಾಟಿ ನೆಮ್ಮದಿಯಾಗಿ ಒಳನಾಡಿಗೆ ಹೋಗುವಂತಿರಲಿಲ್ಲ. ಹೀಗಾಗಿ 1280ರಲ್ಲಿ ಸುಲ್ಲಿಯ ಹ್ಯೂಗ್ ಎಂಬ ಬರ್ಗಂಡಿಯ ಸರದಾರನ ಕೈಗೆ ಸುಮಾರು 8,000 ಜನರ ದಂಡು ಕೊಟ್ಟು ಕಳಿಸಿದ. ಆಜಾನುಬಾಹು, ಕೆಂಪು ಕೂದಲಿನವನು, ಮಹಾ ಗರ್ವಿ ಎಂದು ಆ ಕಾಲದವರು ಅವನನ್ನು ವರ್ಣಿಸಿದ್ದಾರೆ. ವ್ಲೋರ ಬಂದರಿನ ಪಕ್ಕದ ಕನೀನಾ ಕೋಟೆಯಿಂದ ಹೊರಟು ಬಂದು ಬೆರಾತಿಗೆ ಮುತ್ತಿಗೆ ಹಾಕಿದ. ಚಳಿಗಾಲದ ಹೊತ್ತಿಗೆ ಸುತ್ತಲಿನ ಸಣ್ಣಪುಟ್ಟ ಕೋಟೆಗಳೆಲ್ಲ ಅವನ ಕೈಸೇರಿದ್ದವು.

ಈ ಗದ್ದಲದಲ್ಲಿ ಸ್ಥಳೀಯ ಅಲ್ಬೇನಿಯನ್ ನಾಯಕರು ಎಲ್ಲಿದ್ದರು? ಮುಜಾಕಾ ಮನೆತನದ ಮೊದಲ ಖಚಿತ ಸುಳಿವುಗಳಲ್ಲಿ ಒಂದು ಸಿಗುವುದು ಇಲ್ಲೇ. ನಮ್ಮ ಬರಹಗಾರನ ಹೆಸರನ್ನೇ ಹೊತ್ತ ಅವನ ಪೂರ್ವಜ ಒಬ್ಬ ಗ್ಯೋನ್ ಮುಜಾಕಾ ಬೈಜಾಂಟಿಯಂ ಕಡೆಯವರ ಜೊತೆ ಸೇರಿ ಆಂಜೂ ಪಡೆಗೆ ತೊಡಕು ಮಾಡುತ್ತಿದ್ದಾನೆಂದು 1279ರ ಸುಮಾರಿಗೆ ಚಾರ್ಲ್ಸ್‌ನ ಕಡೆಯವರು ಅವನನ್ನು ಹಿಡಿದು ಇಟಲಿಯ ಬ್ರಿಂಡಿಸಿ ಬಂದರಿನ ಸೆರೆಮನೆಗೆ ಹಾಕಿದರು. ಎರಡು ದೊಡ್ಡ ಶಕ್ತಿಗಳ ನಡುವೆ ಸಿಕ್ಕಿಬಿದ್ದ ಸಣ್ಣ ಒಡೆಯನ ಪಾಡು ಇದು. ಇವತ್ತು ಒಬ್ಬನ ಬಿರುದು, ನಾಳೆ ಇನ್ನೊಬ್ಬನ ಸೆರೆ.

ಚಕ್ರವರ್ತಿ 8ನೆಯ ಮೈಕೇಲ್ ಪ್ಯಾಲಿಯೊಲೊಗಸ್ ತನ್ನ ದಳಪತಿ ಮೈಕೇಲ್ ಟಾರ್ಕೆನಿಯೋಟಿಸ್ ಎಂಬವನನ್ನು ನೆರವಿಗೆ ಕಳಿಸಿದ. ಬಯಲಿನಲ್ಲಿ ನೇರ ಕಾಳಗ ಕೊಡಬೇಡ ಎಂಬ ಎಚ್ಚರಿಕೆಯೊಂದಿಗೇ ಈ ಪಡೆ ಬಂದಿತ್ತು. ಕಬ್ಬಿಣದ ಕವಚ ತೊಟ್ಟ ಫ್ರೆಂಚ್ ಕುದುರೆ ಸವಾರರು ಎದುರಿಗೆ ನುಗ್ಗಿದರೆ ತಡೆಯುವುದು ಎಷ್ಟು ಕಷ್ಟವೆಂದು ಗ್ರೀಕರಿಗೆ ಚೆನ್ನಾಗಿ ಗೊತ್ತಿತ್ತು. ಕೋಟೆಯ ಒಳಗಿನವರು ಹಸಿದಿದ್ದರು. ಗ್ರೀಕರು ಹೊಳೆಯ ಮೇಲ್ಗಡೆ ತೆಪ್ಪಗಳನ್ನು ಕಟ್ಟಿ, ಅವುಗಳಲ್ಲಿ ದವಸಧಾನ್ಯ ತುಂಬಿ, ರಾತ್ರಿ ಹೊತ್ತು ಓಸುಮ್ ಪ್ರವಾಹಕ್ಕೆ ಬಿಟ್ಟರು. ತೇಲಿ ಬಂದ ತೆಪ್ಪಗಳನ್ನು ಕೋಟೆಯವರು ಕತ್ತಲಲ್ಲಿ ಬಂಡೆಯ ಬುಡಕ್ಕೆ ಎಳೆದುಕೊಂಡರು. ಮುತ್ತಿಗೆ ಹಾಕಿದವರು ಹೊಳೆಯ ಕಡೆ ಗಮನ ಕೊಡುವಷ್ಟರಲ್ಲಿ ಒಳಗಿನವರ ಹೊಟ್ಟೆ ತುಂಬಿತ್ತು.

ಸುಲ್ಲಿಗೆ ಸಹನೆ ಕೆಟ್ಟಿತು. 1281ರ ವಸಂತದಲ್ಲಿ, ನೆರವಿಗೆ ಬಂದಿರುವ ಪಡೆ ಎಷ್ಟಿದೆ, ಎಲ್ಲಿದೆ ಎಂದು ತಾನೇ ಕಣ್ಣಾರೆ ನೋಡಿ ಬರುತ್ತೇನೆಂದು ಬೆರಳೆಣಿಕೆಯ ಅಂಗರಕ್ಷಕರನ್ನು ಕಟ್ಟಿಕೊಂಡು ಶಿಬಿರ ಬಿಟ್ಟು ಹೊರಟ. ಗ್ರೀಕರ ಪಡೆಯಲ್ಲಿ ಸಂಬಳಕ್ಕೆ ಬಂದಿದ್ದ ತುರ್ಕಿ ಬಿಲ್ಲುಗಾರರು ಹೊಂಚುಹಾಕಿ ಕೂತಿದ್ದರು. ಅವರು ಸವಾರನಿಗಲ್ಲ, ಕುದುರೆಗೆ ಗುರಿಯಿಟ್ಟರು. ಕುದುರೆ ಬಿದ್ದ ಮೇಲೆ ಕವಚದ ಭಾರ ಹೊತ್ತ ಸವಾರ ಎಲ್ಲಿಗೆ ಓಡುತ್ತಾನೆ? ಸೇನಾಪತಿ ಸೆರೆಸಿಕ್ಕ ಸುದ್ದಿ ಶಿಬಿರ ಮುಟ್ಟಿದ್ದೇ ತಡ, ಇಡೀ ದಂಡು ಡೇರೆಗಳನ್ನೂ ಸಾಮಾನುಗಳನ್ನೂ ಬಿಟ್ಟು ವ್ಯೋಸಾ ನದಿಯ ಕಡೆಗೆ ಓಟ ಕಿತ್ತಿತು. ಕನೀನಾ ಸೇರಿಕೊಂಡವರು ಬದುಕಿದರು, ಉಳಿದವರಲ್ಲಿ ಬಹಳ ಜನ ಹಿಂಬಾಲಿಸಿದವರ ಕೈಗೆ ಸಿಕ್ಕರು. ಸುಲ್ಲಿಯನ್ನೂ ಸೆರೆಯಾಳುಗಳನ್ನೂ ಕಾನ್‌ಸ್ಟಾಂಟಿನೋಪಲ್ಲಿನ ಬೀದಿಗಳಲ್ಲಿ ಮೆರವಣಿಗೆ ಮಾಡಿಸಿದರು. ಚಕ್ರವರ್ತಿ ಈ ಗೆಲುವನ್ನು ತನ್ನ ಅರಮನೆಯ ಗೋಡೆಯ ಮೇಲೆ ಚಿತ್ರ ಬರೆಸಿಟ್ಟುಕೊಂಡ.

ಚಾರ್ಲ್ಸ್ ಭೂಮಾರ್ಗದ ಆಸೆ ಬಿಟ್ಟು ಅದೇ ವರ್ಷದ ಜುಲೈನಲ್ಲಿ ವೆನಿಸ್ಸಿನ ಜೊತೆ ಒರ್ವಿಯೆಟೋದಲ್ಲಿ ಒಪ್ಪಂದ ಮಾಡಿಕೊಂಡು ಸಮುದ್ರದ ದಾರಿಯ ಯೋಜನೆ ಹಾಕಿದ. 1282ರ ಮಾರ್ಚ್ ಕೊನೆಗೆ ಸಿಸಿಲಿಯ ಜನ ಅವನ ಆಳ್ವಿಕೆಯ ವಿರುದ್ಧ ದಂಗೆ ಎದ್ದು ಆ ಕನಸಿಗೂ ತೆರೆ ಎಳೆದರು. ಸಿಸಿಲಿಯ ದಂಗೆಯ ಕತೆ ಎಲ್ಲ ಪಠ್ಯಗಳಲ್ಲೂ ಇದೆ. ಅದಕ್ಕೂ ಒಂದು ವರ್ಷ ಮೊದಲು ಬೆರಾತಿನ ಬುಡದಲ್ಲಿ ನಡೆದದ್ದಕ್ಕೆ ಅದೇ ಪಠ್ಯಗಳಲ್ಲಿ ಒಂದು ಸಾಲು ಸಿಕ್ಕರೆ ಹೆಚ್ಚು. ನನಗೆ ಇದು ದೊಡ್ಡ ಅನ್ಯಾಯವಾಗಿ ಕಾಣುತ್ತದೆ.

ಮುಂದಿನ ಐವತ್ತು ಅರವತ್ತು ವರ್ಷಗಳನ್ನು ಬೇಗ ದಾಟುತ್ತೇನೆ. 1330ರ ದಶಕದಲ್ಲಿ ಬೆಟ್ಟದ ಅಲ್ಬೇನಿಯನ್ ದನಗಾಹಿ ಕುಲಗಳು ಬೆರಾತಿನ ಸುತ್ತ ದಾಳಿ ಇಟ್ಟವು. ಚಕ್ರವರ್ತಿ 3ನೆಯ ಆಂಡ್ರೊನಿಕಸ್ ಐದಿನ್ ಸೀಮೆಯ ತುರ್ಕಿ ಸೈನಿಕರನ್ನು ಕರೆತಂದು ಅವರನ್ನು ಬಗ್ಗುಬಡಿದು, ಲಕ್ಷಗಟ್ಟಲೆ ದನ ಕುರಿ ಹೊಡೆದುಕೊಂಡು ಹೋದ. 1345ರ ಹೊತ್ತಿಗೆ ಸರ್ಬಿಯಾದ ದೊರೆ ಸ್ಟೆಫಾನ್ ದುಶಾನ್ ಎಲ್ಲವನ್ನೂ ನುಂಗಿಕೊಂಡ.

ದುಶಾನ್ ಬೆರಾತ್, ವ್ಲೋರ, ಕನೀನಾಗಳನ್ನು ಕೊಟ್ಟದ್ದು ತನ್ನ ಹೆಂಡತಿಯ ತಮ್ಮನಿಗೆ. ಈ ಜಾನ್ ಆಸೆನ್ ಎಂಬವನ ಜಾತಕವನ್ನು ಸ್ವಲ್ಪ ನೋಡಿ. ಹುಟ್ಟಿನಿಂದ ಬಲ್ಗೇರಿಯಾದ ರಾಜಕುಮಾರ. ಅಧಿಕಾರ ಸಿಕ್ಕಿದ್ದು ಸರ್ಬಿಯಾದ ಭಾವನಿಂದ. ಮದುವೆಯಾದದ್ದು ಎಪೈರಸ್ ಅರಸನ ವಿಧವೆ, ಗ್ರೀಕ್ ರಾಜಮನೆತನದ ಅನ್ನಾಳನ್ನು. ಮದುವೆಯ ನಂತರ ಕೊಮ್ನೆನಸ್ ಎಂಬ ಗ್ರೀಕ್ ಕುಲನಾಮವನ್ನೂ ಇಟ್ಟುಕೊಂಡ. 1353ರಲ್ಲಿ ವೆನಿಸ್ಸಿನ ಪೌರತ್ವ ಪಡೆದ. ಆಳಿದ್ದು ಅಲ್ಬೇನಿಯನ್ನರನ್ನು. ಇವನನ್ನು ಯಾವ ದೇಶದವನು ಎನ್ನೋಣ? ಇಂದಿನ ಬಾಲ್ಕನ್ ರಾಷ್ಟ್ರಗಳು ತಮ್ಮ ತಮ್ಮ ಮಧ್ಯಯುಗವನ್ನು ಹಂಚಿಕೊಳ್ಳುವಾಗ ಇಂಥವರನ್ನು ಪಕ್ಕಕ್ಕೆ ಸರಿಸಿಬಿಡುತ್ತವೆ. ಆ ಕಾಲದ ಕುಲೀನರಿಗೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ನೀನು ಯಾರ ಅಳಿಯ, ಯಾವ ಬಿರುದು ಹೊತ್ತವನು ಎಂಬುದೇ ಅವರ ಗುರುತಿನ ಚೀಟಿ.

1355ರಲ್ಲಿ ದುಶಾನ್ ತೀರಿಕೊಂಡ ಮೇಲೆ ಅವನ ಸಾಮ್ರಾಜ್ಯ ಚೂರಾಯಿತು. ಮುಜಾಕಾಗಳ ಒಳ್ಳೆಯ ಕಾಲ ಬಂದದ್ದು ಆಗ. ಆ ಮನೆತನದ ಎರಡನೆಯ ಆಂಡ್ರಿಯಾ 'ಡೆಸ್ಪಾಟ್' ಎಂಬ ಬಿರುದು ಹೊತ್ತಿದ್ದ. ಚಕ್ರವರ್ತಿಯ ನಂತರದ ಅತಿ ದೊಡ್ಡ ಪದವಿಗಳಲ್ಲಿ ಅದೊಂದು. ಅವನ ಬಗ್ಗೆ ನಮ್ಮ ನೇಪಲ್ಸ್‌ನ ಗ್ಯೋನ್ ಹೆಮ್ಮೆಯಿಂದ ಹೇಳುವ ಕತೆ ಇದು: ಆಂಡ್ರಿಯಾ ಪೆಲಿಸ್ಟರ್ ಪರ್ವತದಲ್ಲಿ ಸರ್ಬಿಯಾದ ದೊರೆ ವುಕಾಶಿನ್‌ನನ್ನು ಸೋಲಿಸಿದ, ಅದಕ್ಕೆ ಮೆಚ್ಚಿ ಕಾನ್‌ಸ್ಟಾಂಟಿನೋಪಲ್ಲಿನ ಚಕ್ರವರ್ತಿ ಎರಡು ತಲೆಯ ಗರುಡನ ಲಾಂಛನವನ್ನು ನಮ್ಮ ಮನೆತನಕ್ಕೆ ಕೊಟ್ಟ. ವುಕಾಶಿನ್ ಸತ್ತದ್ದು 1371ರ ಸೆಪ್ಟೆಂಬರಿನಲ್ಲಿ, ಮರಿತ್ಸಾ ನದಿಯ ದಂಡೆಯಲ್ಲಿ, ತುರ್ಕರ ಕೈಯಲ್ಲಿ ಎಂಬುದು ಇತಿಹಾಸ. ಹಾಗೆಂದು ಗ್ಯೋನ್ ಹೇಳಿದ್ದನ್ನು ಕಟ್ಟುಕತೆ ಎಂದು ಎತ್ತಿ ಒಗೆಯುವುದೂ ತಪ್ಪಾಗುತ್ತದೆ. ಮರಿತ್ಸಾ ಯುದ್ಧದ ನಂತರ ವುಕಾಶಿನ್‌ನ ಮಗ ಮಾರ್ಕೋನಿಂದ ಕಸ್ತೋರಿಯಾ ಪಟ್ಟಣವನ್ನು ಮುಜಾಕಾಗಳು ಕಿತ್ತುಕೊಂಡದ್ದು ನಿಜ.

ಅದಕ್ಕೆ ಸಾಕ್ಷಿ ಇಂದಿಗೂ ಇದೆ. ಈಗ ಗ್ರೀಸ್ ದೇಶದಲ್ಲಿರುವ ಕಸ್ತೋರಿಯಾದಲ್ಲಿ ಸಂತ ಅಥನೇಸಿಯಸ್ ಹೆಸರಿನ ಒಂದು ಪುಟ್ಟ ಚರ್ಚು ಇದೆ. ಸ್ತೋಯಾ ಮತ್ತು ಥಿಯೊಡೋರ್ ಮುಜಾಕಾ ಎಂಬ ಸಹೋದರರು, ಡಯೊನೀಸಿಯಸ್ ಎಂಬ ಸನ್ಯಾಸಿ ಪಾದ್ರಿಯೊಂದಿಗೆ ಸೇರಿ 1383-84ರಲ್ಲಿ ಅದನ್ನು ಕಟ್ಟಿಸಿದರೆಂದು ಗ್ರೀಕ್ ಶಾಸನ ಹೇಳುತ್ತದೆ. ಗೋಡೆಯ ಚಿತ್ರಗಳಲ್ಲಿ ಕ್ರಿಸ್ತ ಕಿರೀಟ ತೊಟ್ಟ ಸಾರ್ವಭೌಮ, ಮೇರಿ ಮಹಾರಾಣಿ. ಯೋಧ ಸಂತರು ಎಂದಿನ ಕವಚ ಬಿಟ್ಟು ಆಸ್ಥಾನದ ನಿಲುವಂಗಿ ಹಾಕಿಕೊಂಡು, ಎತ್ತರದ ಟೊಪ್ಪಿಗೆ ಇಟ್ಟುಕೊಂಡು ಓಲಗದಲ್ಲಿ ನಿಂತ ಸಾಮಂತರಂತೆ ನಿಂತಿದ್ದಾರೆ. ಮುಜಾಕಾ ಸಹೋದರರ ಮನಸ್ಸಿನಲ್ಲಿದ್ದ ಸ್ವರ್ಗ ಅದು. ನಡುವೆ ದೊರೆ, ಸುತ್ತಲೂ ಒಳ್ಳೆಯ ಉಡುಪಿನ ಕುಲೀನರು, ಪ್ರತಿಯೊಬ್ಬರಿಗೂ ಅವರವರ ಸ್ಥಾನ. ಈ ಕುಲೀನವರ್ಗ ತನ್ನನ್ನು ತಾನು ಹೇಗೆ ಕಂಡುಕೊಂಡಿತ್ತು ಎಂದು ತಿಳಿಯಲು ನನಗೆ ಯಾವ ದಾಖಲೆಗಿಂತಲೂ ಈ ಗೋಡೆಯೇ ಹೆಚ್ಚು ಹೇಳುತ್ತದೆ.

ಬೆರಾತ್ ವಿಷಯಕ್ಕೆ ಬರೋಣ. ಗ್ಯೋನ್ ಪ್ರಕಾರ ಆಂಡ್ರಿಯಾನ ಮಗಳು ಕೊಮಿತಾ. 1372ರ ಸುಮಾರಿಗೆ ಅವಳ ಮದುವೆ ಉತ್ತರದ ಜೇತಾ ಸೀಮೆಯ ಎರಡನೆಯ ಬಾಲ್ಷಾನ ಜೊತೆ ನಡೆಯಿತು. ಈ ಸಂಬಂಧದಿಂದ ಬಾಲ್ಷಾನಿಗೆ ವ್ಲೋರ, ಕನೀನಾ, ಬೆರಾತ್ ಸೀಮೆಗಳು ಬಂದವು. ದಂಡೆತ್ತಿ ಬಂದ ಸುಲ್ಲಿಗೆ ಒಂದು ಚಳಿಗಾಲವಿಡೀ ಕೂತರೂ ಸಿಗದ ಕೋಟೆ, ಒಂದು ಮದುವೆಯ ಚಪ್ಪರದಲ್ಲಿ ಕೈಬದಲಾಯಿತು. ಗ್ಯೋನ್ ತನ್ನ ಬರಹದಲ್ಲಿ ಹೆಣ್ಣುಮಕ್ಕಳ ಹೆಸರುಗಳನ್ನು ಅಷ್ಟು ಜತನದಿಂದ ಬರೆದಿದ್ದಕ್ಕೆ ಇದೇ ಕಾರಣ. ಅವನ ಲೆಕ್ಕದಲ್ಲಿ ಪ್ರತಿಯೊಬ್ಬ ಮಗಳೂ ಒಂದು ಸೀಮೆಯ ದಾಖಲೆ.

ಬಾಲ್ಷಾ 1385ರ ಸೆಪ್ಟೆಂಬರ್ 18ರಂದು ಸಾವ್ರಾ ಬಯಲಿನಲ್ಲಿ, ಬೆರಾತಿನಿಂದ ಅಷ್ಟೇನೂ ದೂರವಿಲ್ಲದ ಕಡೆ, ಆಟೊಮನ್ ಪಡೆಯ ವಿರುದ್ಧ ಸಣ್ಣ ದಂಡಿನೊಂದಿಗೆ ಮುನ್ನುಗ್ಗಿ ಪ್ರಾಣ ಬಿಟ್ಟ. ವಿಧವೆ ಕೊಮಿತಾ ಎದೆಗುಂದಲಿಲ್ಲ. ವ್ಲೋರವನ್ನು ಹಿಡಿದುಕೊಂಡು, ವೆನಿಸ್ಸಿನ ರಕ್ಷಣೆ ಕೇಳಿ ದೂತರನ್ನು ಕಳಿಸಿದಳು. ಅವಳ ನಂತರ ಮಗಳು ರುಜಿನಾ ಆ ಬಂದರನ್ನು ಆಳಿದಳು. ಬೆರಾತ್ ಮತ್ತೆ ಮುಜಾಕಾ ಗಂಡಸರ ಕೈಗೆ ಬಂತು. ಅವರಲ್ಲಿ ಥಿಯೊಡೋರ್ 1389ರಲ್ಲಿ ಕೊಸೊವೋ ಬಯಲಿನಲ್ಲಿ ಸತ್ತನೆಂದು ಗ್ಯೋನ್ ಬರೆಯುತ್ತಾನೆ. 1417ರಲ್ಲಿ ಆಟೊಮನ್ನರು ವ್ಲೋರವನ್ನೂ ಬೆರಾತನ್ನೂ ಒಟ್ಟಿಗೆ ತೆಗೆದುಕೊಂಡರು. ರುಜಿನಾ ಕಾರ್ಫು ದ್ವೀಪಕ್ಕೆ ಓಡಿಹೋಗಬೇಕಾಯಿತು.

ಇಲ್ಲಿಂದ ಮುಂದೆ ಕತೆಯನ್ನು ತುರ್ಕರು ಒಂದು ಕಡೆ, ಅಲ್ಬೇನಿಯನ್ನರು ಇನ್ನೊಂದು ಕಡೆ ಎಂದು ಹೇಳುವುದು ಸುಲಭ. ಹಾಗೆ ಹೇಳಿದರೆ ಮುಜಾಕಾ ಮನೆಯನ್ನೇ ಎರಡಾಗಿ ಸೀಳಬೇಕಾಗುತ್ತದೆ. ಥಿಯೊಡೋರ್ ಎಂಬ ಹೆಸರಿನ ಇನ್ನೊಬ್ಬ ಮುಜಾಕಾನ ಮಗನನ್ನು ಆಟೊಮನ್ ಆಸ್ಥಾನದಲ್ಲಿ ಬೆಳೆಸಿದರು. ಅವನು ಯಾಕೂಪ್ ಬೇ ಆಗಿ, 1430ರ ದಶಕದ ಕೊನೆಗೆ ಅಲ್ಬೇನಿಯಾ ಸಂಜಾಕಿನ, ಅಂದರೆ ಆಟೊಮನ್ ಪ್ರಾಂತ್ಯದ ಅಧಿಪತಿಯಾದ. ತನ್ನ ಹಿರಿಯರ ಸೀಮೆಯನ್ನೇ ಸುಲ್ತಾನನ ಪರವಾಗಿ ಆಳಿದ. 1442ರಲ್ಲಿ ಹಂಗೇರಿಯ ಹುನ್ಯಾಡಿಯ ವಿರುದ್ಧದ ಯುದ್ಧದಲ್ಲಿ ಸತ್ತ. 1431-32ರಲ್ಲಿ ಆಟೊಮನ್ ಅಧಿಕಾರಿಗಳು ಈ ಸೀಮೆಯನ್ನು ಹಳ್ಳಿ ಹಳ್ಳಿ ಎಣಿಸಿ ಬರೆಸಿದ ಲೆಕ್ಕಪುಸ್ತಕ ಉಳಿದಿದೆ. ಅದರಲ್ಲಿ ಜಹಗೀರು ಪಡೆದವರ ನಡುವೆ ಕ್ರೈಸ್ತರೂ ಇದ್ದಾರೆ. ಹಳೆಯ ಒಡೆಯರಲ್ಲಿ ಕೆಲವರು ಹೊಸ ಒಡೆಯನ ಕೆಳಗೆ ತಮ್ಮ ನೆಲದ ಒಂದು ತುಂಡನ್ನು ಉಳಿಸಿಕೊಂಡಿದ್ದರು ಎಂದಾಯಿತು.

1444ರ ಮಾರ್ಚ್ 2ರಂದು ಲೆಜೆ ಪಟ್ಟಣದಲ್ಲಿ ಅಲ್ಬೇನಿಯಾದ ಕುಲೀನರು ಸೇರಿ ಒಕ್ಕೂಟ ಮಾಡಿಕೊಂಡರು. ದುಕಾಜಿನಿ, ಅರಿಯಾನಿತಿ, ತೋಪಿಯಾ, ಜಹಾರಿಯಾ, ಸ್ಪಾನಿ, ಮುಜಾಕಾ, ಹೀಗೆ ದೊಡ್ಡ ಮನೆತನಗಳೆಲ್ಲ ಇದ್ದವು. ಗ್ಯೋರ್ಗ್ ಕಸ್ತ್ರಿಯೋತಿ, ಅಂದರೆ ಸ್ಕಾಂಡರ್‌ಬೆಗ್, ದಳಪತಿಯಾಗಿ ಆಯ್ಕೆಯಾದ. ಈ ಕುಲೀನರ ಕಣ್ಣಲ್ಲಿ ಅವನು ಸಮಾನರ ನಡುವೆ ಆರಿಸಿದ ದಳಪತಿ ಮಾತ್ರ, ಅವರ ರಾಜನಲ್ಲ. ಈ ವ್ಯತ್ಯಾಸ ಗೊತ್ತಿಲ್ಲದಿದ್ದರೆ ಮುಂದಿನ ಜಗಳಗಳು ಅರ್ಥವಾಗುವುದಿಲ್ಲ.

ಒಕ್ಕೂಟ ಗಟ್ಟಿಯಾಗಬೇಕಾದರೆ ನೆಂಟಸ್ತಿಕೆ ಬೇಕು. ತೋಪಿಯಾ ಮನೆತನದ ಮುಜಾಕ್ ತೋಪಿಯಾ ಎಂಬವನಿಗೆ ಆಗಲೇ ಮದುವೆಯಾಗಿತ್ತು, ಹೆಂಡತಿ ಮುಜಾಕಾ ಮನೆಯ ಮಗಳು ಜಾನ್ಫಿನಾ. ಅವಳನ್ನು ಬಿಟ್ಟು ಅವನು 1445ರಲ್ಲಿ ಸ್ಕಾಂಡರ್‌ಬೆಗ್‌ನ ತಂಗಿ ಮಮಿತ್ಸಾಳನ್ನು ಕಟ್ಟಿಕೊಂಡ. ಅಲ್ಬೇನಿಯನ್ ಇತಿಹಾಸದಲ್ಲಿ ಆ ಮದುವೆಯನ್ನು ಒಗ್ಗಟ್ಟಿನ ಸಂಭ್ರಮವಾಗಿ ಹೇಳುವುದುಂಟು. ಗ್ಯೋನ್ ಮಾತ್ರ ಜಾನ್ಫಿನಾಳನ್ನು ಮರೆಯಲಿಲ್ಲ. ಅರವತ್ತೈದು ವರ್ಷ ಕಳೆದ ಮೇಲೂ, ಸಮುದ್ರದಾಚೆ ಕೂತು, ನಮ್ಮ ಮನೆಯ ಹೆಣ್ಣನ್ನು ಬಿಟ್ಟು ಅವರ ಮನೆಯ ಹೆಣ್ಣನ್ನು ತಂದರು ಎಂದು ದಾಖಲಿಸಿದ. ಅವಳ ಹೆಸರು ಇವತ್ತು ನಮಗೆ ಗೊತ್ತಿದ್ದರೆ ಆ ಮುನಿಸಿನ ಪುಣ್ಯ.

ಹತ್ತು ವರ್ಷ ಕಳೆಯಿತು. 1451ರ ಗಯೇತಾ ಒಪ್ಪಂದದ ಪ್ರಕಾರ ನೇಪಲ್ಸ್‌ನ ದೊರೆ ಅಲ್ಫೋನ್ಸೋ ಸ್ಕಾಂಡರ್‌ಬೆಗ್‌ನ ಬೆನ್ನಿಗೆ ನಿಂತಿದ್ದ. 1455ರ ಬೇಸಿಗೆಯಲ್ಲಿ ಅವನು ಕಳಿಸಿದ ಸೈನಿಕರನ್ನೂ ಕೂಡಿಸಿಕೊಂಡು ಸ್ಕಾಂಡರ್‌ಬೆಗ್ ಬೆರಾತಿಗೆ ಮುತ್ತಿಗೆ ಹಾಕಿದ. ತೋಪಿನ ಹೊಡೆತಕ್ಕೆ ಗೋಡೆ ಒಡೆಯಿತು. ಕೋಟೆಯ ಆಟೊಮನ್ ಅಧಿಕಾರಿ, ಇಂತಿಷ್ಟು ದಿನದೊಳಗೆ ನೆರವು ಬರದಿದ್ದರೆ ಕೋಟೆ ಒಪ್ಪಿಸುತ್ತೇನೆ ಎಂದು ಸಂಧಾನಕ್ಕೆ ಬಂದ. ಆ ಕಾಲದ ಯುದ್ಧದಲ್ಲಿ ಇದು ಮಾಮೂಲು ಒಪ್ಪಂದ. ಸ್ಕಾಂಡರ್‌ಬೆಗ್ ಒಪ್ಪಿ, ದಂಡಿನ ಒಂದು ಭಾಗವನ್ನು ಕರೆದುಕೊಂಡು ಬೇರೆ ಕಡೆ ಹೊರಟ. ಮುತ್ತಿಗೆಯ ಹೊಣೆ ಹೊತ್ತು ಹಿಂದೆ ಉಳಿದವನು ಅವನ ಭಾವಮೈದುನ, ಅದೇ ಮುಜಾಕ್ ತೋಪಿಯಾ.

ಗೆದ್ದೇಬಿಟ್ಟೆವು ಎಂಬ ಭಾವನೆಯಲ್ಲಿ ಶಿಬಿರ ಮೈಮರೆತಿತ್ತು. ಜುಲೈ 26ರಂದು ಆಟೊಮನ್ ಸರದಾರ ಇಸಾಕ್ ಬೇಯ ದೊಡ್ಡ ಕುದುರೆಪಡೆ ಹಠಾತ್ತನೆ ಮೇಲೆ ಬಿತ್ತು. 5,000ಕ್ಕೂ ಹೆಚ್ಚು ಜನ ಸತ್ತರು, ನೇಪಲ್ಸ್‌ನಿಂದ ಬಂದವರಲ್ಲಿ ಬಹುಪಾಲು ಅಲ್ಲೇ ಮಣ್ಣಾದರು. ಮುಜಾಕ್ ತೋಪಿಯಾ ಕೂಡ ಸತ್ತ. ಮುಜಾಕಾ ಹೆಂಡತಿಯನ್ನು ಬಿಟ್ಟು ಬಂದವನು ಮುಜಾಕಾಗಳ ಕೋಟೆಯ ಕೆಳಗೆ ಬಿದ್ದ. ಸ್ಕಾಂಡರ್‌ಬೆಗ್‌ನ ಜೀವನದಲ್ಲೇ ಇದು ಅತ್ಯಂತ ದೊಡ್ಡ ಸೋಲು. ಅದರ ಪೆಟ್ಟು ಒಕ್ಕೂಟದ ಒಳಗೂ ಬಿತ್ತು. ಮುಂದಿನ ಎರಡು ವರ್ಷಗಳಲ್ಲಿ ಮೊದಲು ಸರದಾರ ಮೋಯ್ಸಿ, ಆಮೇಲೆ ಸ್ವಂತ ಅಣ್ಣನ ಮಗ ಹಮ್ಜಾ ಸುಲ್ತಾನನ ಕಡೆಗೆ ಹೋದರು. ಮೋಯ್ಸಿ ತಿರುಗಿ ಬಂದ, ಹಮ್ಜಾ 1457ರಲ್ಲಿ ಸೆರೆಸಿಕ್ಕ.

ಗ್ಯೋನ್‌ನ ದೊಡ್ಡ ದೂರು ಇದರ ನಂತರದ್ದು. ತನ್ನ ತಂದೆ ತೀರಿಕೊಂಡ ಮೇಲೆ ಸ್ಕಾಂಡರ್‌ಬೆಗ್ ತಮ್ಮ ಮನೆತನದ ತೊಮೊರಿತ್ಸಾ ಸೀಮೆಯನ್ನು, ಅಂದರೆ ತೊಮೊರ್ ಪರ್ವತದ ಮಗ್ಗುಲಿನ ನೆಲವನ್ನು ಕಿತ್ತುಕೊಂಡ, ಇತರ ಕುಲೀನರ ಸೀಮೆಗಳನ್ನೂ ಹಾಗೆಯೇ ಸೇರಿಸಿಕೊಂಡ ಎನ್ನುತ್ತಾನೆ. ಸ್ಕಾಂಡರ್‌ಬೆಗ್‌ಗೆ ಅದು ಅನಿವಾರ್ಯವಾಗಿತ್ತು ಎಂದು ನಾವು ವಾದಿಸಬಹುದು. ಮನೆಗೊಬ್ಬ ಒಡೆಯನಿರುವ ಒಕ್ಕೂಟ ಕಟ್ಟಿಕೊಂಡು ಸುಲ್ತಾನನ ಎದುರು ಇಪ್ಪತ್ತೈದು ವರ್ಷ ನಿಲ್ಲುವುದು ಸಾಧ್ಯವಿರಲಿಲ್ಲ. ಆ ವಾದವನ್ನು ನಾನೂ ಒಪ್ಪುತ್ತೇನೆ. ಆದರೆ ಸೀಮೆ ಕಳೆದುಕೊಂಡವನ ಮಾತು ಉಳಿದುಬಂದಿರುವಾಗ ಅದನ್ನು ಕೇಳಿಸಿಕೊಳ್ಳದೆ ಇತಿಹಾಸ ಬರೆಯುವುದನ್ನು ನಾನು ಒಪ್ಪಲಾರೆ. ವೀರನ ಪ್ರತಿಮೆಗೆ ಇದರಿಂದ ಕುಂದೇನೂ ಇಲ್ಲ. ಅವನು ಎಷ್ಟು ಕಷ್ಟದ ಕೆಲಸ ಮಾಡಿದ, ಹೊರಗಿನ ಶತ್ರುವಿನ ಜೊತೆಗೆ ಒಳಗಿನ ಎಷ್ಟು ಮಾನ ಅಭಿಮಾನಗಳನ್ನು ಸಂಭಾಳಿಸಬೇಕಿತ್ತು ಎಂಬುದು ಗ್ಯೋನ್ ಓದಿದ ಮೇಲೆಯೇ ನನಗೆ ಅರಿವಾದದ್ದು.

1468ರ ಜನವರಿ 17ರಂದು ಸ್ಕಾಂಡರ್‌ಬೆಗ್ ಲೆಜೆಯಲ್ಲಿ ತೀರಿಕೊಂಡ. ಹತ್ತು ವರ್ಷಕ್ಕೆ, 1478ರಲ್ಲಿ, ಕ್ರೂಯಾ ಬಿತ್ತು. 1479ರಲ್ಲಿ ವೆನಿಸ್ ಶಾಂತಿ ಒಪ್ಪಂದದಲ್ಲಿ ಶ್ಕೋದ್ರಾವನ್ನೂ ಬಿಟ್ಟುಕೊಟ್ಟಿತು. ಆ ವರ್ಷಗಳಲ್ಲೇ ದೊಡ್ಡ ಮನೆತನದವರೂ ಸಾಮಾನ್ಯ ಜನರೂ ದೋಣಿ ಹತ್ತಿ ದಕ್ಷಿಣ ಇಟಲಿಗೆ ದಾಟಿದರು. ಗ್ಯೋನ್ ಕೂಡ ಹಾಗೆ ದಾಟಿದವನೇ. ಅವನ ಹೆಂಡತಿ ಮರಿಯಾ ದುಕಾಜಿನಿ ಮನೆಯವಳು. ಇಟಲಿಯಲ್ಲಿ ಅವರಿಗೆ ಉಳಿದದ್ದು ಬಿರುದುಗಳು, ವಂಶಾವಳಿ, ನೆಲವಿಲ್ಲದ ಒಡೆತನ.

ಉಪನ್ಯಾಸದ ಕೊನೆಗೆ ಸಭಿಕರೊಬ್ಬರು ಕೇಳಿದರು: ಒಡೆಯರು ಹೋದರು ಸರಿ, ಕೋಟೆಯ ಒಳಗಿದ್ದ ಜನ ಏನಾದರು? ಒಳ್ಳೆಯ ಪ್ರಶ್ನೆ, ಏಕೆಂದರೆ ಗ್ಯೋನ್ ಬರಹದಲ್ಲಿ ಅವರು ಇಲ್ಲವೇ ಇಲ್ಲ. ಅಲ್ಲಿದ್ದ ಆಟೊಮನ್ ಪಡೆಗಾಗಿ ಒಳಕೋಟೆಯಲ್ಲಿ ಮಸೀದಿ ಎದ್ದಿತು. ಆರ್ಥಡಾಕ್ಸ್ ಕ್ರೈಸ್ತ ಕುಟುಂಬಗಳು ಕೋಟೆಯೊಳಗೇ ಉಳಿದವು. ಬಂಡೆಯ ಇಳಿಜಾರಿನ ಮೇಲೆ ಕೂತಿರುವ ಹೋಲಿ ಟ್ರಿನಿಟಿ ಚರ್ಚು, 13ನೆಯ ಶತಮಾನದ ಬ್ಲಾಕರ್ನೆ ಮಾತೆಯ ಚರ್ಚು ಇಂದಿಗೂ ನಿಂತಿವೆ. 6ನೆಯ ಶತಮಾನದ ಸುವಾರ್ತೆಯ ಹಸ್ತಪ್ರತಿಯೊಂದನ್ನು, ನೇರಳೆ ಬಣ್ಣದ ಚರ್ಮದ ಹಾಳೆಯ ಮೇಲೆ ಬೆಳ್ಳಿಯ ಅಕ್ಷರಗಳಲ್ಲಿ ಬರೆದ ಮತ್ತಾಯ ಮತ್ತು ಮಾರ್ಕರ ಪಾಠವನ್ನು, ಈ ಊರಿನ ಚರ್ಚಿನವರು ಶತಮಾನಗಳ ಕಾಲ ಕಾಪಾಡಿದರು. ಅದು ಈಗ ತಿರಾನಾದ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿದೆ. 16ನೆಯ ಶತಮಾನದಲ್ಲಿ ಅಲ್ಬೇನಿಯಾದ ಅತಿ ದೊಡ್ಡ ಪವಿತ್ರಚಿತ್ರಕಾರ ಓನುಫ್ರಿ ಇಲ್ಲಿ ಕೆಲಸ ಮಾಡಿದ. ಅವನ ಮಗ ನಿಕೋಲಾ 1578ರಲ್ಲಿ ಬ್ಲಾಕರ್ನೆ ಚರ್ಚಿನ ಗೋಡೆಗಳಿಗೆ ಚಿತ್ರ ಬರೆದ. 2008ರಲ್ಲಿ ಯುನೆಸ್ಕೊ ಬೆರಾತನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅದು ಬರೀ ಸ್ಮಾರಕವಾಗಿ ಉಳಿದಿಲ್ಲ, ಗೋಡೆಯ ಒಳಗೆ ಈಗಲೂ ಸಂಸಾರಗಳಿವೆ.